ಹುಲ್ಲು ಇತ್ತು, ಮಷಿನ್ ಇತ್ತು, ದಾರ ಇರಲಿಲ್ಲ: ಭದ್ರಾ ಅಚ್ಚುಕಟ್ಟಿನ ಒಂದು ಬೇಲರ್ ಪ್ರಕರಣ

ಇದು 2022ರ ಬೇಸಿಗೆ ಬೆಳೆಯ ಕತೆ. ಜಾಗ ದಾವಣಗೆರೆ ಜಿಲ್ಲೆಯ ಭದ್ರಾ ಅಚ್ಚುಕಟ್ಟು. ಊರು, ಜನ, ಅಂಗಡಿ ಯಾವುದರ ಹೆಸರೂ ಇಲ್ಲಿಲ್ಲ. ಬೇಲರ್, ಅಂದರೆ ಗದ್ದೆಯ ಹುಲ್ಲನ್ನು ಸುತ್ತಿ ರೋಲು ಕಟ್ಟುವ ಮಷಿನ್, ಇಟ್ಟುಕೊಂಡಿದ್ದವರು ಇಬ್ಬರು ಅಣ್ಣತಮ್ಮಂದಿರು. ಅವರನ್ನು ಅಣ್ಣ, ತಮ್ಮ ಎಂದೇ ಕರೆಯುತ್ತೇನೆ. ಗುರುತು ಸಿಗಬಾರದು ಅಂತ ಅವರ ಎಕರೆ, ರೋಲು, ರೂಪಾಯಿಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ.

ಹಿನ್ನೆಲೆ

ನಾಲೆ ನೀರು ಸಿಗುವ ಕಡೆ ವರ್ಷಕ್ಕೆ ಎರಡು ಭತ್ತ. ಮುಂಗಾರಿನದು ನವೆಂಬರ್, ಡಿಸೆಂಬರ್‌ನಲ್ಲಿ ಕೊಯ್ಲಿಗೆ ಬರುತ್ತದೆ. ಬೇಸಿಗೆಯದು ಏಪ್ರಿಲ್ ಕೊನೆಯಿಂದ ಮೇ ತನಕ. ಕೈಕೊಯ್ಲು ಹೋಗಿ ಹಾರ್ವೆಸ್ಟರ್ ಬಂದ ಮೇಲೆ ಹುಲ್ಲಿನ ಪಾಡೇ ಬೇರೆಯಾಯಿತು. ಹಾರ್ವೆಸ್ಟರ್ ಹಿಂದೆ ಉದುರುವ ಹುಲ್ಲು ಮುರಿದಿರುತ್ತದೆ, ಸೂಡಿ ಕಟ್ಟಲು ಬರುವುದಿಲ್ಲ. ಆಳು ಹಚ್ಚಿ ಬಾಚಿಸಿದರೆ ಕೂಲಿಯೇ ಹುಲ್ಲಿನ ಬೆಲೆ ಮೀರುತ್ತದೆ. ಹಾಗಾಗಿ ಒಂದೋ ಬೆಂಕಿ, ಇಲ್ಲಾ ಬೇಲರ್.

ಇವರದು ಟ್ರ್ಯಾಕ್ಟರ್ ಹಿಂದೆ ಕಟ್ಟುವ ಸಣ್ಣ ರೌಂಡ್ ಬೇಲರ್. ಸಾಲಿನಲ್ಲಿ ಬಿದ್ದ ಹುಲ್ಲನ್ನು ಎತ್ತಿಕೊಂಡು, ಒಳಗೆ ಸುತ್ತಿ, ಸೆಣಬಿನ ದಾರ ಬಿಗಿದು, ರೋಲು ಮಾಡಿ ಹಿಂದಕ್ಕೆ ಉಗುಳುತ್ತದೆ. ಒಂದು ರೋಲು ಹದಿನೇಳು, ಹದಿನೆಂಟು ಕೆಜಿ. ಎಕರೆಗೆ ಐವತ್ತೈದರ ಆಸುಪಾಸು. ಒಂದು ಬೇಸಿಗೆಗೆ ಹತ್ತು ಸಾವಿರ ರೋಲು ಆದರೆ ಚೆನ್ನಾದ ವರ್ಷ. ತಮ್ಮ ಮಷಿನ್ ನೋಡಿಕೊಳ್ಳುತ್ತಿದ್ದ, ಅಣ್ಣ ಲೆಕ್ಕ ಮತ್ತು ಫೋನು. ರೋಲಿಗೆ 35 ರೂಪಾಯಿ ಬಾಡಿಗೆ. ದಾರ ಬೇಲರ್‌ನವರದೇ. ಹುಲ್ಲು ಜಮೀನಿನವರದು. ಅವರಿಗೆ ದನ ಇದ್ದರೆ ಇಟ್ಟುಕೊಳ್ಳುತ್ತಾರೆ, ಇಲ್ಲದಿದ್ದರೆ ಜಗಳೂರು, ಚಳ್ಳಕೆರೆ ಕಡೆಯ ಬಯಲುಸೀಮೆಯಿಂದ ಬರುವವರಿಗೆ ಗದ್ದೆಯಲ್ಲೇ ಮಾರುತ್ತಾರೆ. ಅದೂ ರೋಲಿಗಿಷ್ಟು ಅಂತಲೇ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆ ವರ್ಷ ಹುಲ್ಲಿಗೆ ಗಿರಾಕಿಗೇನೂ ಬರ ಇರಲಿಲ್ಲ. 2021ರ ನವೆಂಬರ್‌ನಲ್ಲಿ ರಾಜ್ಯದ ತುಂಬ ಅಕಾಲಿಕ ಮಳೆ ಸುರಿದು, ಕೊಯ್ಲಿಗೆ ಬಂದ ಭತ್ತ ಎಷ್ಟೋ ಕಡೆ ನೀರಲ್ಲೇ ಮಲಗಿತು. ಮುಂಗಾರಿನ ಹುಲ್ಲು ಕೊಳೆತಿತ್ತು. ದನ ಕಟ್ಟಿದವರೆಲ್ಲ ಬೇಸಿಗೆಯ ಹುಲ್ಲಿಗೆ ಕಾದಿದ್ದರು.

ದಾರ ಎಲ್ಲಿಂದ ಬರುತ್ತದೆ

ಸೆಣಬು ನಮ್ಮ ಬೆಳೆ ಅಲ್ಲ. ಅದು ಪಶ್ಚಿಮ ಬಂಗಾಳ, ಬಿಹಾರ, ಅಸ್ಸಾಂ ಕಡೆಯದು. ಪಕ್ಕದ ಬಾಂಗ್ಲಾದೇಶದ್ದು. ಮಾರ್ಚ್‌ನಿಂದ ಮೇ ತನಕ ಬಿತ್ತನೆ, ಜುಲೈನಿಂದ ಸೆಪ್ಟೆಂಬರ್‌ವರೆಗೆ ಕಟಾವು. ಗಿರಣಿಗಳು ಹೂಗ್ಲಿ ನದಿಯ ದಡದಲ್ಲಿ. 2020ರ ಮೇ 20ರಂದು ಅಂಫಾನ್ ಚಂಡಮಾರುತ ಅಲ್ಲೇ ಹೊಡೆಯಿತು, ನಿಂತಿದ್ದ ಬೆಳೆ ಮಲಗಿತು, ಮುಂದಿನ ವರ್ಷ ಕಚ್ಚಾ ಸೆಣಬಿನ ದರ ಏರಿತು. 2021-22ರ ಬೆಂಬಲ ಬೆಲೆ ಕ್ವಿಂಟಲಿಗೆ 4,500 ರೂಪಾಯಿ ಇದ್ದರೆ ಮಾರುಕಟ್ಟೆ ಅದಕ್ಕಿಂತ ಬಹಳ ಮೇಲೆ ಓಡುತ್ತಿತ್ತು. 2021ರ ಸೆಪ್ಟೆಂಬರ್ ಕೊನೆಯಲ್ಲಿ ಸೆಣಬು ಆಯುಕ್ತರು ಕ್ವಿಂಟಲಿಗೆ 6,500 ಮೀರಬಾರದು ಎಂದು ಮಿತಿ ಹಾಕಿದರು. ಮಿತಿ ಹಾಕಿದ ಮಾತ್ರಕ್ಕೆ ಮಾಲು ಬರುತ್ತದೆಯೇ? ಆ ದರಕ್ಕೆ ಸೆಣಬು ಸಿಗುತ್ತಿಲ್ಲ ಎಂದು ಗಿರಣಿಗಳು ಗೋಳಾಡಿದವು, ಕೆಲವು ಬಾಗಿಲೂ ಹಾಕಿದವು. ಅದರ ಮೇಲೆ ಆಹಾರಧಾನ್ಯಕ್ಕೆ ಸೆಣಬಿನ ಚೀಲವೇ ಆಗಬೇಕು ಎಂಬ 1987ರ ಕಾನೂನು ಬೇರೆ. ಇದ್ದ ಸೆಣಬಿನಲ್ಲಿ ಸರ್ಕಾರದ ಚೀಲಕ್ಕೇ ಮೊದಲ ಪಾಲು. ಬೇಲರ್ ದಾರದಂಥ ಸಣ್ಣ ಬಾಬತ್ತು ಯಾರ ಪಟ್ಟಿಯಲ್ಲೂ ಮೇಲೆ ಇರುವುದಿಲ್ಲ.

ಇಲ್ಲಿ ತಾರೀಖು ನೋಡಿ. ಹೊಸ ಸೆಣಬು ಬರುವುದು ಜುಲೈ ನಂತರ. ನಮ್ಮ ಬೇಸಿಗೆ ಭತ್ತದ ಕೊಯ್ಲು ಏಪ್ರಿಲ್, ಮೇ. ಅಂದರೆ ಅಲ್ಲಿ ದಾಸ್ತಾನು ತಳ ಕಾಣುವ ಹೊತ್ತಿಗೇ ಇಲ್ಲಿ ದಾರಕ್ಕೆ ಬೇಡಿಕೆ ಏರುತ್ತದೆ. ಮಾಮೂಲಿ ವರ್ಷದಲ್ಲಿ ಇದು ಯಾರ ಗಮನಕ್ಕೂ ಬರುವುದಿಲ್ಲ.

ಮೊದಲ ತಿರುವು: ಜನವರಿಯಲ್ಲಿ ಕೊಳ್ಳದ ದಾರ

ಅಂಗಡಿಯವರು ಜನವರಿಯಲ್ಲೇ ಹೇಳಿದ್ದರು: “ದರ ಏರ್ತಾ ಐತೆ, ಒಂದಿಷ್ಟು ಈಗಲೇ ಎತ್ತಿಟ್ಕೊಳ್ರಿ.” ಅಂಗಡಿಯವರು ಹಾಗೆ ಹೇಳುವುದು ಹೊಸದಲ್ಲ, ಅಲ್ವಾ? ಅಣ್ಣ ಅದನ್ನು ವ್ಯಾಪಾರದ ಮಾತು ಅಂದುಕೊಂಡ. ಕೈಯಲ್ಲಿದ್ದ ದುಡ್ಡು ಬೇಲರ್ ಸಾಲದ ಕಂತಿಗೆ ಹೋಯಿತು. ಇದನ್ನು ತಪ್ಪು ಅನ್ನಲು ನನಗೆ ಮನಸ್ಸಿಲ್ಲ. ಕಂತು ತಪ್ಪಿಸಿ ದಾರ ಕೊಳ್ಳುವ ಧೈರ್ಯ ಯಾರಿಗಿದೆ?

ಏಪ್ರಿಲ್ ಕೊನೆಗೆ ಹಾರ್ವೆಸ್ಟರ್‌ಗಳು ಗದ್ದೆಗಿಳಿದಾಗ, ಹಿಂದಿನ ಬೇಸಿಗೆಯಲ್ಲಿ ಕೆಜಿಗೆ 95 ಇದ್ದ ದಾರ 145 ಆಗಿತ್ತು. ಅದೂ ಒಬ್ಬರಿಗೆ ಎರಡೇ ಉಂಡೆ. ಆಮೇಲೆ ಒಂದು ವಾರ ಅದೂ ಇಲ್ಲ.

ಲೆಕ್ಕ ಹಾಕೋಣ. ರೋಲಿನ ಅಡ್ಡಗಲ ಸುಮಾರು ಎರಡು ಅಡಿ, ಹಾಗಾಗಿ ಒಂದು ಸುತ್ತಿಗೆ ಎರಡು ಮೀಟರಿಗೆ ಚೂರು ಕಮ್ಮಿ ದಾರ. ಇವರು ಹಾಕುತ್ತಿದ್ದುದು ಹನ್ನೊಂದು ಸುತ್ತು. ಅಂದರೆ ರೋಲಿಗೆ 21 ಮೀಟರ್. ಒಂದು ಕೆಜಿ ದಾರಕ್ಕೆ ಹದಿನಾರು ರೋಲು. ಮೊದಲು ರೋಲಿಗೆ ಆರು ರೂಪಾಯಿ ದಾರ, ಈಗ ಒಂಬತ್ತು. ಮೂರು ರೂಪಾಯಿ ಏನು ಮಹಾ ಅನ್ನಿಸಬಹುದು. ಆದರೆ 35ರಲ್ಲಿ ಡೀಸೆಲ್, ಡ್ರೈವರ್, ಬೇರಿಂಗು, ಕಂತು ಎಲ್ಲ ಕಳೆದು ಕೈಗೆ ಉಳಿಯುತ್ತಿದ್ದುದು ಎಂಟೋ ಒಂಬತ್ತೋ. ಅದರಲ್ಲಿ ಮೂರನೇ ಒಂದು ಪಾಲು ದಾರಕ್ಕೇ ಹೋಯಿತು. ಮಾರ್ಚ್ 22ರಿಂದ ಎರಡು ವಾರ ಡೀಸೆಲ್ ದರವೂ ಹೆಚ್ಚುಕಮ್ಮಿ ದಿನವೂ ಏರಿತ್ತು.

ಏನೇನು ಮಾಡಿ ನೋಡಿದರು

ಮೊದಲು ಸುಲಭದ ದಾರಿ: ಬಾಡಿಗೆಯನ್ನು 40ಕ್ಕೆ ಏರಿಸಿದರು. ಪಕ್ಕದ ಊರಿನ ಬೇಲರ್‌ನವರ ಹತ್ತಿರ ಹಳೇ ದಾರ ಇತ್ತು. ಅವರು 36ಕ್ಕೇ ನಿಂತರು. ಫೋನು ಬರುವುದು ನಿಂತಿತು. ವಾರ ಕಳೆಯುವಷ್ಟರಲ್ಲಿ 40 ಮತ್ತೆ 35 ಆಯಿತು.

ಆಮೇಲೆ “ಮಷಿನ್ ನಮ್ಮದು, ದಾರ ನಿಮ್ಮದು” ಅಂದರು. ರೋಲಿಗೆ 28, ದಾರ ಜಮೀನಿನವರು ತರಬೇಕು. ಕೇಳಲು ನ್ಯಾಯವಾಗಿಯೇ ಇದೆ. ಜನ ದಾರ ತಂದರೂ ಅದು ಬೇಲರ್ ದಾರ ಆಗಿರಲಿಲ್ಲ. ಕಿರಾಣಿ ಅಂಗಡಿಯಲ್ಲಿ ಚೀಲದ ಬಾಯಿ ಹೊಲಿಯಲು, ಪೊಟ್ಟಣ ಕಟ್ಟಲು ಸಿಗುವ ಹುರಿ. ಒಂದು ಕಡೆ ದಪ್ಪ, ಇನ್ನೊಂದು ಕಡೆ ಕೂದಲೆಳೆ. ನಡುನಡುವೆ ಗಂಟು. ಬೇಲರ್‌ನಲ್ಲಿ ದಾರ ಬೆರಳು ತೂರದಷ್ಟು ಸಣ್ಣ ಕೊಳವೆಯಲ್ಲಿ ಹಾದು ಬರಬೇಕು. ಗಂಟು ಅಲ್ಲಿ ಕಚ್ಚಿಕೊಳ್ಳುತ್ತದೆ. ದಾರ ನಿಂತರೂ ಒಳಗಿನ ಹುಲ್ಲು ಸುತ್ತುತ್ತಲೇ ಇರುತ್ತದೆ, ಬಾಗಿಲು ತೆಗೆದರೆ ರೋಲಿನ ಬದಲು ಒಂದು ಗುಡ್ಡೆ ಹುಲ್ಲು ದೊಪ್ಪನೆ ಬೀಳುತ್ತದೆ. ತಮ್ಮ ಇಳಿದು, ಕೊಳವೆಗೆ ತಂತಿ ತೂರಿಸಿ ಬಿಡಿಸಿ, ಗುಡ್ಡೆಯನ್ನು ಮತ್ತೆ ಸಾಲಿಗೆ ಹರಡಿ, ಹಿಂದಿನಿಂದ ಬರಬೇಕು. ಅರ್ಧ ಎಕರೆಗೆ ಒಂದೂವರೆ ಎಕರೆಯ ಹೊತ್ತು, ಡೀಸೆಲ್ಲೂ ಅಷ್ಟೇ. ಆ ದಾರಿಯೂ ಮುಚ್ಚಿತು.

ಒಬ್ಬ ಹಿರಿಯರು ಬದುವಿನ ಕತ್ತಾಳೆ ತೋರಿಸಿ, “ಇದರ ನಾರು ಹೊಸೆದು ಹಗ್ಗ ಮಾಡ್ತಿದ್ವಪ್ಪ ನಾವು” ಅಂದರಂತೆ. ತಮಾಷೆಯ ಮಾತಲ್ಲ ಅದು. ಬ್ರೆಜಿಲ್, ತಾಂಜಾನಿಯಾಗಳಲ್ಲಿ ಕತ್ತಾಳೆ ಜಾತಿಯದೇ ಗಿಡದ ನಾರಿನಿಂದ ಬೇಲರ್ ದಾರ ನೂಲುತ್ತಾರೆ. ಉತ್ತರ ಕರ್ನಾಟಕದ ಪುಂಡಿ ನಾರೂ ಸೆಣಬಿಗೆ ಹತ್ತಿರದ್ದೇ. ಆದರೆ ಕೈಯಲ್ಲಿ ಹೊಸೆದ ಹುರಿ ಆ ಕೊಳವೆಯಲ್ಲಿ ಹಾಯುವಷ್ಟು ಒಂದೇ ಸಮ ಇರುವುದಿಲ್ಲ. ಕೊಯ್ಲಿನ ನಡುವೆ ಕೂತು ಹೊಸೆಯುವವರಾದರೂ ಯಾರು?

ಪ್ಲಾಸ್ಟಿಕ್ ದಾರ, ಮತ್ತು ಜಗಳೂರು ಕಡೆಯ ಗಿರಾಕಿ

ಇಡೀ ಪ್ರಕರಣದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಈ ಭಾಗ.

ಅಂಗಡಿಯಲ್ಲಿ ಪ್ಲಾಸ್ಟಿಕ್ ದಾರ ಸಿಗುತ್ತಿತ್ತು. ಉಕ್ರೇನ್ ಯುದ್ಧ ಶುರುವಾಗಿ ಕಚ್ಚಾ ತೈಲ ಏರಿದ್ದರಿಂದ ಅದೂ ಮೊದಲಿನ ದರದಲ್ಲಿರಲಿಲ್ಲ. ಆದರೂ ತೂಕ ಕಡಿಮೆ, ಕೆಜಿಗೆ ಬಹಳ ಉದ್ದ ಬರುತ್ತದೆ. ರೋಲಿನ ಲೆಕ್ಕದಲ್ಲಿ ಸೆಣಬಿಗಿಂತ ಸೋವಿ. ಇವರು ಒಂದಿಷ್ಟು ತಂದು ಹಾಕಿದರು.

ಮೊದಲ ತೊಂದರೆ ಗದ್ದೆಯಲ್ಲೇ ಕಂಡಿತು. ಈ ಸಣ್ಣ ರೌಂಡ್ ಬೇಲರ್ ಗಂಟು ಹಾಕುವುದಿಲ್ಲ. ದಾರವನ್ನು ಸುತ್ತಿ, ಕತ್ತರಿಸಿ ಬಿಡುತ್ತದೆ. ಸೆಣಬಿನ ದಾರಕ್ಕೆ ಜುಂಗು ಇರುತ್ತದೆ, ಅದು ಹುಲ್ಲಿಗೆ ಕಚ್ಚಿಕೊಂಡು ತುದಿ ನಿಲ್ಲುತ್ತದೆ. ಪ್ಲಾಸ್ಟಿಕ್ ನುಣುಪು. ಟ್ರೇಲರ್‌ಗೆ ಎಸೆಯುವಾಗ ತುದಿ ಜಾರಿ, ಎರಡು ಸುತ್ತು ಸಡಿಲಾಗಿ, ಒಂದು ಬದಿ ಬಾಯಿ ಬಿಡುತ್ತಿತ್ತು. ಸುತ್ತು ಜಾಸ್ತಿ ಮಾಡಿದರು, ಅಷ್ಟಕ್ಕೆ ಉಳಿತಾಯವೂ ಕಮ್ಮಿಯಾಯಿತು.

ಎರಡನೇ ತೊಂದರೆ ಗಿರಾಕಿಯಿಂದ ಬಂತು. ಜಗಳೂರು ಕಡೆಯ ಒಬ್ಬರು, ಎಮ್ಮೆ ಕಟ್ಟಿದವರು, ಊರಿನ ಇತರರಿಗೂ ಸೇರಿಸಿ ಹುಲ್ಲು ಒಯ್ಯುವವರು, ಗದ್ದೆಗೆ ಬಂದು ರೋಲಿನ ನೀಲಿ ದಾರ ನೋಡಿದರು. ಒಂದು ಎಳೆ ಎಳೆದು ಕೈಗೆ ಸುತ್ತಿಕೊಂಡು ಕೇಳಿದರು: “ತಮ್ಮಾ, ಇದು ನನ್ನ ಎಮ್ಮೆ ಹೊಟ್ಟೆಗೆ ಹೋದ್ರೆ ಯಾರು ಹೊಣೆ?” ಅವರ ಮನೆಯಲ್ಲಿ ಮೇವು ಕತ್ತರಿಸುವ ಮಷಿನ್ ಇದೆ. ಹೆಂಗಸರು ಬೆಳಗಿನ ಕತ್ತಲಲ್ಲಿ ರೋಲು ಬಿಚ್ಚಿ ಮಷಿನ್‌ಗೆ ಹಾಕುತ್ತಾರೆ. ಸೆಣಬಿನ ದಾರ ಒಂದು ತುಂಡು ಉಳಿದರೂ ದನದ ಹೊಟ್ಟೆಯಲ್ಲಿ ನಿಧಾನಕ್ಕೆ ಬಹುಪಾಲು ಕರಗುತ್ತದೆ. ಪ್ಲಾಸ್ಟಿಕ್ ಕತ್ತರಿಸಿಕೊಂಡು ಮೇವಿನಲ್ಲಿ ಬೆರೆತರೆ ಆರಿಸಲು ಬರುವುದಿಲ್ಲ, ದೊಡ್ಡ ಹೊಟ್ಟೆಯಲ್ಲೇ ಗಂಟಾಗಿ ಉಳಿಯುತ್ತದೆ. ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ, ಕೊನೆಗೆ ಹೊಟ್ಟೆ ಕೊಯ್ಯಿಸಬೇಕಾಗುತ್ತದೆ. ಅವರು ಒಂದು ರೋಲೂ ಎತ್ತಲಿಲ್ಲ.

ತಮ್ಮನಿಗೆ ಸಿಟ್ಟು ಬಂತು. ಅಣ್ಣ ಮಾತ್ರ ಅವರನ್ನು ಹೋಗಲು ಬಿಡಲಿಲ್ಲ. ಬದುವಿನ ಮೇಲೆ ಕೂರಿಸಿ ದಾರದ ಲೆಕ್ಕ ಬಿಚ್ಚಿಟ್ಟ: ಮೊದಲು ಆರು, ಈಗ ಒಂಬತ್ತು, ಅದೂ ಸಿಗುತ್ತಿಲ್ಲ. ಅಲ್ಲಿತನಕ ದಾರದ ಮಾತು ನಡೆದಿದ್ದು ಬೇಲರ್‌ನವರು ಮತ್ತು ಜಮೀನಿನವರ ನಡುವೆ ಮಾತ್ರ. ಹುಲ್ಲು ನಿಜವಾಗಿ ಬೇಕಾಗಿದ್ದವರನ್ನು ಯಾರೂ ಕೇಳಿರಲಿಲ್ಲ.

ಅವರು ಕೇಳಿದ್ದು ಬೇರೆಯೇ ಪ್ರಶ್ನೆ. “ರೋಲು ಇಷ್ಟು ಹಗುರ ಯಾಕೆ ಮಾಡ್ತೀರಿ?”

ಉತ್ತರ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಬೇಲರ್‌ನವರಿಗೆ ರೋಲಿಗಿಷ್ಟು ಬಾಡಿಗೆ. ಜಮೀನಿನವರಿಗೆ ರೋಲಿಗಿಷ್ಟು ಬೆಲೆ. ಎರಡು ಕಡೆಗೂ ರೋಲು ಜಾಸ್ತಿ ಆದಷ್ಟು ಲಾಭ. ಹಗುರಾದ ರೋಲಿಗೂ ದಾರ ಅಷ್ಟೇ ಹಿಡಿಯುತ್ತದೆ. ದಾರ ಅಗ್ಗ ಇದ್ದಷ್ಟು ದಿನ ಈ ಆಟ ನಡೆಯಿತು.

ಬಿಗಿ ರೋಲು, ಎಂಟು ಸುತ್ತು

ಬದುವಿನ ಮೇಲೆ ಆದ ಒಪ್ಪಂದ ಹೀಗಿತ್ತು. ಬೇಲರ್‌ನ ಸ್ಪ್ರಿಂಗ್ ಬಿಗಿ ಮಾಡಿ ರೋಲನ್ನು 21, 22 ಕೆಜಿಗೆ ತರುವುದು. ಗಿರಾಕಿ ತೂಕಕ್ಕೆ ತಕ್ಕಂತೆ ಜಮೀನಿನವರಿಗೆ ಜಾಸ್ತಿ ಕೊಡುವುದು. ಬಾಡಿಗೆ ರೋಲಿಗೆ 41. ಎಕರೆಗೆ 55 ರೋಲು ಆಗುತ್ತಿದ್ದ ಕಡೆ ಈಗ 45. ಜಮೀನಿನವರು ಕೊಡುವ ಒಟ್ಟು ಬಾಡಿಗೆ ಮೊದಲಿಗಿಂತ ಚೂರು ಕಡಿಮೆಯೇ ಆಯಿತು. ಗಿರಾಕಿಗೆ ಒಂದೇ ಲೋಡಿನಲ್ಲಿ ಹುಲ್ಲು ಜಾಸ್ತಿ ಹೋಯಿತು. ನೇತು ಹಾಕುವ ತಕ್ಕಡಿಯೊಂದನ್ನು ಅವರೇ ತಂದಿದ್ದರು, ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ರೋಲು ಎತ್ತಿ ತೂಗುತ್ತಿದ್ದರು.

ದಾರಕ್ಕೆ ಅವರು ಮುಂಗಡವನ್ನೂ ಕೊಟ್ಟರು. ಗಂಗಾವತಿ ಕಡೆ ಕೊಯ್ಲು ಮುಗಿಸಿದ ಬೇಲರ್‌ನವರೊಬ್ಬರ ಹತ್ತಿರ ಸೆಣಬಿನ ದಾರ ಉಳಿದಿತ್ತು, ಅದನ್ನು ನಗದು ಕೊಟ್ಟು ತಂದರು. ಮುಂಗಡ ಪುಕ್ಕಟೆ ಅಲ್ಲ. ಆ ದಾರದಲ್ಲಿ ಕಟ್ಟಿದ ಹುಲ್ಲನ್ನು ಒಪ್ಪಂದದ ದಿನದ ದರಕ್ಕೇ ಅವರಿಗೆ ಕೊಡಿಸಬೇಕು ಎಂಬ ಮಾತಾಗಿತ್ತು.

ಬೇಲರ್‌ನಲ್ಲಿ ದಾರ ನಡೆಸುವ ರಾಟೆಗೆ ದೊಡ್ಡದು, ಸಣ್ಣದು ಅಂತ ಬೇರೆಬೇರೆ ತೋಡು ಇರುತ್ತದೆ. ಬೆಲ್ಟನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸಿದರೆ ದಾರ ಬೇಗ ಸರಿದು ಸುತ್ತು ಕಮ್ಮಿಯಾಗುತ್ತದೆ. ಮಷಿನ್ ಬಂದಾಗಿನಿಂದ ತಮ್ಮ ಅದನ್ನು ಮುಟ್ಟಿರಲಿಲ್ಲ. ಈಗ ಎಂಟು ಸುತ್ತಿಗೆ ಇಳಿಸಿದ. ಕೆಜಿ ದಾರಕ್ಕೆ ಹದಿನಾರು ರೋಲು ಇದ್ದದ್ದು ಇಪ್ಪತ್ತೆರಡಾಯಿತು. 145ರ ದರದಲ್ಲೂ ರೋಲಿಗೆ ಆರೂವರೆ ರೂಪಾಯಿ. ಸಡಿಲ ರೋಲಿಗೆ ಎಂಟು ಸುತ್ತು ಸಾಲುವುದಿಲ್ಲ, ಬಿಗಿ ರೋಲಿಗೆ ಸಾಲುತ್ತದೆ. ಬಿಗಿಯೂ ಸುತ್ತೂ ಜೊತೆಯಲ್ಲೇ ಬದಲಾಗಿದ್ದರಿಂದ ಇದು ನಡೆಯಿತು. ದೂರ ಹೋಗುವ ಲೋಡಿಗೆ ಮಾತ್ರ ಮತ್ತೆ ಹನ್ನೊಂದಕ್ಕೆ ಏರಿಸುತ್ತಿದ್ದರು. ಮೊದಲ ಲೋಡಿನಲ್ಲಿ ತುದಿಯ ಕಡೆ ಹುಲ್ಲು ಜಾರಿದ್ದು ನೋಡಿ ಕಲಿತ ಪಾಠ ಅದು.

ಮಳೆ

ಮೇ ತಿಂಗಳ ನಡುವೆ ಮಳೆ ಹಿಡಿಯಿತು. ಸಾಲಿನಲ್ಲಿ ಬಿದ್ದ ಹುಲ್ಲು ನೆನೆಯಿತು. ಒಣಗಲು ಕಾಯುವಷ್ಟು ತಾಳ್ಮೆ ಜಮೀನಿನವರಿಗೆ ಇರಲಿಲ್ಲ. ಮೇಲೆ ಒಣಗಿ ಕೆಳಗೆ ಹಸಿ ಇದ್ದ ಹುಲ್ಲನ್ನೇ ಬಿಗಿ ರೋಲು ಮಾಡಿದರು. ನಾಲ್ಕು ದಿನಕ್ಕೆ ರೋಲಿನೊಳಗೆ ಕೈ ಹಾಕಿದರೆ ಬಿಸಿ. ಬಿಚ್ಚಿದರೆ ಬಿಳಿ ಬೂಷ್ಟು, ಹುಳಿ ವಾಸನೆ. ಸಡಿಲ ರೋಲಾಗಿದ್ದರೆ ಗಾಳಿಯಾಡಿ ಒಂದಿಷ್ಟಾದರೂ ಉಳಿಯುತ್ತಿತ್ತೇನೋ. ಆ ಗದ್ದೆಗಳ ಬಾಡಿಗೆಯನ್ನು ಅಣ್ಣ ಬಿಟ್ಟುಕೊಟ್ಟ. ಜಮೀನಿನವರಲ್ಲಿ ಇಬ್ಬರು ಮುಂದಿನ ಬೆಳೆಗೆ ಬೇರೆ ಬೇಲರ್ ಕರೆದರು.

ಮಳೆಯಾದ ಮೇಲೆ ಒಳ್ಳೆಯ ಹುಲ್ಲಿನ ದರ ಜಿಗಿಯಿತು. ಮುಂಗಡದ ಮಾತಿಗೆ ಕಟ್ಟುಬಿದ್ದವರಿಗೆ ಅದರ ಲಾಭ ಸಿಗಲಿಲ್ಲ. ಗೊಣಗಾಟ ಆಯಿತು, ಮಾತು ಮಾತ್ರ ಯಾರೂ ಮುರಿಯಲಿಲ್ಲ.

ಸೆಣಬಿನ ದರದ ಮಿತಿಯನ್ನು ಸರ್ಕಾರ ತೆಗೆದದ್ದು ಮೇ 20ರಿಂದ. ಮರುದಿನವೇ ಡೀಸೆಲ್ ಮೇಲಿನ ಅಬಕಾರಿ ಸುಂಕ ಲೀಟರಿಗೆ ಆರು ರೂಪಾಯಿ ಇಳಿಸಿದ ಪ್ರಕಟಣೆ ಬಂತು. ಇವರಿಗೆ ಎರಡೂ ಬಂದಿದ್ದು ಕೊಯ್ಲು ಮುಗಿಯುವ ಹೊತ್ತಿಗೆ.

ಲೆಕ್ಕ ಮುಗಿದಾಗ

ಹತ್ತು ಸಾವಿರದ ಜಾಗದಲ್ಲಿ ಏಳು ಸಾವಿರ ಚಿಲ್ಲರೆ ರೋಲು. ರೋಲು ದಪ್ಪ ಇದ್ದದ್ದರಿಂದ ಕಟ್ಟಿದ ಹುಲ್ಲು ಹಿಂದಿನ ವರ್ಷಕ್ಕಿಂತ ಬಹಳ ಕಡಿಮೆ ಏನಲ್ಲ. ಕಂತು ತಪ್ಪಲಿಲ್ಲ, ಉಳಿಕೆ ಅಷ್ಟಕ್ಕಷ್ಟೆ. ನೀಲಿ ದಾರದ ರೋಲುಗಳನ್ನು ಅವರೇ ಇಟ್ಟುಕೊಂಡು, ಒಂದೊಂದನ್ನೂ ಕೈಯಲ್ಲೇ ಬಿಚ್ಚಿ ಸ್ವಂತ ದನಕ್ಕೆ ಹಾಕಿದರು.

ಬೇರೆಯವರು ಇದರಿಂದ ಎತ್ತಿಕೊಳ್ಳಬಹುದಾದ್ದು ನನ್ನ ಪ್ರಕಾರ ಹೀಗೆ. ದಾರದ ದರ ಏರಿದಾಗ ಮೊದಲು ನೋಡಬೇಕಾದ್ದು ಅಂಗಡಿಯನ್ನಲ್ಲ, ತನ್ನ ರೋಲಿನ ತೂಕವನ್ನು. ದಾರದ ಖರ್ಚನ್ನು ರೋಲಿನ ಲೆಕ್ಕದಲ್ಲಿ ಇಟ್ಟರೆ ಅದು ದಿನದಿನಕ್ಕೂ ಏರುತ್ತಿರುವ ಹಾಗೆ ಮಾತ್ರ ಕಾಣುತ್ತದೆ. ಕ್ವಿಂಟಲ್ ಹುಲ್ಲಿಗೆ ಎಷ್ಟು ಮೀಟರ್ ದಾರ ಎಂದು ಕೇಳಿಕೊಂಡರೆ ಎಲ್ಲಿ ಪೋಲಾಗುತ್ತಿದೆ ಅನ್ನುವುದು ಹೊರಬೀಳುತ್ತದೆ. ಇವರದೇ ಲೆಕ್ಕ ತೆಗೆದುಕೊಂಡರೆ ಕ್ವಿಂಟಲಿಗೆ 120 ಮೀಟರ್ ಹಿಡಿಯುತ್ತಿದ್ದದ್ದು 70ಕ್ಕೆ ಇಳಿದಿತ್ತು. ಇನ್ನೊಂದು, ಹುಲ್ಲು ತಿನ್ನಿಸುವವರನ್ನು ಮಾತಿಗೆ ಕರೆಯದೆ ದಾರ ಬದಲಿಸಬಾರದು. ಬಿಗಿ ರೋಲು ಒಣ ಹುಲ್ಲಿಗೆ ಮಾತ್ರ, ಹಸಿ ಇದ್ದರೆ ಬೇಲರ್ ನಿಲ್ಲಿಸುವುದೇ ವಾಸಿ.

ಆ ವರ್ಷದ ಸೆಪ್ಟೆಂಬರ್‌ನಲ್ಲಿ, ಹೊಸ ಸೆಣಬು ಬಂದ ಮೇಲೆ, ಸುತ್ತಲ ನಾಲ್ಕು ಬೇಲರ್‌ನವರು ಸೇರಿ ದಾರ ತರಿಸಿದರು. 36ಕ್ಕೆ ನಿಂತಿದ್ದ ಪಕ್ಕದ ಊರಿನವರೂ ಅದರಲ್ಲಿ ಒಬ್ಬರು. ಮುಂಗಾರಿನ ಕೊಯ್ಲಿಗಷ್ಟೇ ಅಲ್ಲ, ಮುಂದಿನ ಬೇಸಿಗೆಗೂ ಸೇರಿಸಿ. ಇಡಲು ಜಾಗ ಸಿಕ್ಕಿದ್ದು ಒಬ್ಬರ ಭತ್ತದ ಗೋದಾಮಿನ ಮೂಲೆಯಲ್ಲಿ. ಸೆಣಬಿಗೆ ತೇವ ಒಗ್ಗುವುದಿಲ್ಲ. ನೆಲಕ್ಕೆ ತಾಗಿದ್ದ ಎರಡು ಚೀಲದ ದಾರ ಕಪ್ಪಾಗಿ, ಎಳೆದರೆ ಕಿತ್ತು ಬರುತ್ತಿತ್ತು. ಈಗ ಕೆಳಗೆ ಹಲಗೆ ಹಾಕಿ, ಗೋಡೆಯಿಂದ ಒಂದು ಅಡಿ ಬಿಟ್ಟು ಜೋಡಿಸುತ್ತಾರೆ. ಇಲಿಗೆ ಇನ್ನೂ ಉಪಾಯ ಸಿಕ್ಕಿಲ್ಲ.

ರೋಲಿನ ಲೆಕ್ಕವನ್ನೇ ಬಿಟ್ಟು ಎಕರೆ ಲೆಕ್ಕಕ್ಕೆ ಹೋಗೋಣ ಎಂದು ಅಣ್ಣ 2023ರ ಬೇಸಿಗೆಯಲ್ಲಿ ಕೇಳಿ ನೋಡಿದ. ಜಮೀನಿನವರು ಒಪ್ಪಲಿಲ್ಲ. “ಎಕರೆಗಿಷ್ಟು ಅಂದ್ರೆ ನೀವು ಅರ್ಧ ಹುಲ್ಲು ಗದ್ದೇಲೇ ಬಿಟ್ಟು ಹೋಗ್ತೀರಿ ಗೌಡ್ರೇ” ಅಂದರು. ಆ ಮಾತಿನಲ್ಲೂ ಹುರುಳಿದೆ. ಸದ್ಯಕ್ಕೆ ಎರಡು ದರ ಇಟ್ಟಿದ್ದಾರೆ, ಬಿಗಿ ರೋಲಿಗೊಂದು, ಸಡಿಲ ರೋಲಿಗೊಂದು. ಮನೆ ದನಕ್ಕೆ ಹುಲ್ಲು ಇಟ್ಟುಕೊಳ್ಳುವವರು ಬಿಗಿ ರೋಲು ಕೇಳುತ್ತಾರೆ. ಮಾರುವವರಲ್ಲಿ ಬಹಳಷ್ಟು ಮಂದಿ ಈಗಲೂ ಸಡಿಲ ರೋಲನ್ನೇ ಕೇಳುತ್ತಾರೆ.